ಚರ್ಚ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್: ಏನು ಕೊಳ್ಳಬೇಕು, ಭಾನುವಾರಕ್ಕೆ ತಯಾರಿ ಹೇಗೆ?

(ಈ ವಾರದ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಬಸ್ಸಲ್ಲಿ, ಮೆಟ್ರೋದಲ್ಲಿ, ಪಿಜಿ ಮಂಚದ ಮೇಲೆ, ಎಲ್ಲಿ ಕೂತು ಕೇಳ್ತಾ ಇದ್ರೂ ಸ್ವಾಗತ. ಇಯರ್‌ಫೋನ್ ಮರೆತು ಬಂದು ಇದನ್ನ ಓದ್ತಾ ಇರೋರಿಗೂ ಸ್ವಾಗತ.

ಗಿಟಾರ್ ಬಗ್ಗೆ ನಮಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಮತ್ತೆ ಮತ್ತೆ ಬರತ್ತೆ. "ನಮ್ಮ ಚರ್ಚಲ್ಲಿ ಕೀಬೋರ್ಡ್ ಇದೆ, ಢೋಲಕ್ ಇದೆ. ಈಗ ನನ್ನನ್ನ ಎಲೆಕ್ಟ್ರಿಕ್ ಗಿಟಾರ್ ನುಡಿಸು ಅಂದಿದ್ದಾರೆ. ಏನು ತಗೊಳ್ಳಲಿ? ಹೇಗೆ ತಯಾರಾಗಲಿ?" ಕೇಳೋರಲ್ಲಿ ಹೆಚ್ಚಿನವರು ಕಾಲೇಜಲ್ಲಿ ಇರೋರು, ಇಲ್ಲ ಮೊದಲ ಕೆಲಸಕ್ಕೆ ಸೇರಿದೋರು. ಚರ್ಚಲ್ಲಿ ನುಡಿಸೋದಕ್ಕೆ ಸಂಬಳ ಇಲ್ಲ. ಸಾಮಾನು ಮಾತ್ರ ಸ್ವಂತ ದುಡ್ಡಲ್ಲೇ ಬರ್ಬೇಕು. ಯೂಟ್ಯೂಬ್ ತೆಗೆದ್ರೆ ದೊಡ್ಡ ದೊಡ್ಡ ಸ್ಟೇಜ್, ಕಾಲಡಿ ಇಪ್ಪತ್ತು ಪೆಡಲ್. ನಮ್ಮ ಸಭೆ ನೋಡಿದ್ರೆ ಎಂಟು ಚಾನೆಲ್ ಮಿಕ್ಸರ್, ಎರಡು ಸ್ಪೀಕರ್ ಬಾಕ್ಸ್. ಈ ಎರಡರ ನಡುವಿನ ಅಂತರ ತುಂಬಿಸೋಕೆ ಹೋಗಿ ಎಷ್ಟೋ ಹುಡುಗರು ಕ್ರೆಡಿಟ್ ಕಾರ್ಡ್ ಇಎಂಐಗೆ ಸಿಕ್ಕಿಬೀಳ್ತಾರೆ.

ಹಾಗಾಗಿ ಇವತ್ತು ಮೂರು ವಿಷಯ: ಯಾವುದು ಬೇಕು, ಯಾವುದು ಬೇಡ, ವಾರವಿಡೀ ತಯಾರಿ ಹೇಗೆ. ಅದಕ್ಕೂ ಮುಂಚೆ ಒಂದು ಸೂತ್ರ ತಲೇಲಿ ಇಟ್ಕೊಳ್ಳಿ. ಕಾಲೇಜ್ ಫೆಸ್ಟಲ್ಲಿ ಜನ ಕೇಳೋಕೆ ಬರ್ತಾರೆ. ಆರಾಧನೆಯಲ್ಲಿ ಜನ ಹಾಡೋಕೆ ಬರ್ತಾರೆ. ಅಲ್ಲಿನ ಮುಖ್ಯ ವಾದ್ಯ ಸಭೆಯ ದನಿ. ನಿಮ್ಮ ಗಿಟಾರ್‌ನಿಂದ ಕೊನೇ ಬೆಂಚಿನ ಅಜ್ಜಿ ಇನ್ನೂ ಧೈರ್ಯವಾಗಿ ಹಾಡಿದ್ರೆ ನೀವು ಗೆದ್ದ ಹಾಗೆ. ಅವರು ಪುಸ್ತಕ ಮುಚ್ಚಿ ನಿಮ್ಮನ್ನೇ ನೋಡ್ತಾ ನಿಂತ್ರೆ ಎಲ್ಲೋ ಲೆಕ್ಕ ತಪ್ಪಿದೆ. ಮುಂದೆ ಹೇಳೋ ಪ್ರತಿ ಮಾತೂ ಈ ಸೂತ್ರದಿಂದಲೇ ಬರತ್ತೆ.

"ಇದು ರಾಕ್ ಮ್ಯೂಸಿಕ್ ವಾದ್ಯ ಅಲ್ವಾ?"

ಈ ಪ್ರಶ್ನೆಯನ್ನ ಹಿರಿಯರು ಯಾರಾದ್ರೂ ಕೇಳೇ ಕೇಳ್ತಾರೆ. ಜಗಳ ಬೇಡ, ಇತಿಹಾಸ ಹೇಳಿ.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಯುರೋಪಿನ ರಾಗಗಳಿಗೆ ಕನ್ನಡ ಮಾತು ಕೂಡಿಸಿದ ಕೀರ್ತನೆಗಳು ಆ ಕಾಲದಿಂದ ಬೆಳೆದವು. ಜತೆಗೆ ನಮ್ಮದೇ ರಾಗ, ತಾಳದ ಗೀತೆಗಳೂ ಹುಟ್ಟಿದವು. ಇವತ್ತು ನಾವು ಅಪ್ಪಟ ದೇಸಿ ಅಂದ್ಕೊಳ್ಳೋ ಹಾರ್ಮೋನಿಯಂ ಕೂಡ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರೂಪ ಪಡೆದದ್ದು. ಹೊರಗಿಂದ ಬಂದ ವಾದ್ಯ ನಮ್ಮ ಮನೆಯವನೇ ಆಗೋಕೆ ಸ್ವಲ್ಪ ಕಾಲ ಹಿಡಿಯತ್ತೆ, ಅಷ್ಟೇ.

ಇನ್ನು ಎಲೆಕ್ಟ್ರಿಕ್ ಗಿಟಾರ್. ಅಮೆರಿಕದ ಸಿಸ್ಟರ್ ರೊಸೆಟಾ ಥಾರ್ಪ್ ಅನ್ನೋ ಹೆಸರು ಹುಡುಕಿ ನೋಡಿ. ಹುಟ್ಟಿದ್ದು 1915ರಲ್ಲಿ, ಆರ್ಕನ್ಸಾದಲ್ಲಿ. ಚರ್ಚಲ್ಲೇ ಹಾಡ್ತಾ, ಗಿಟಾರ್ ನುಡಿಸ್ತಾ ಬೆಳೆದ ಕಪ್ಪು ಹೆಣ್ಣುಮಗಳು. 1938ರಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ರು. ರಾಕ್ ಅಂಡ್ ರೋಲ್ ಅನ್ನೋ ಪದ ಮನೆಮಾತಾಗೋ ಮುಂಚೆಯೇ ಗಾಸ್ಪೆಲ್ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದೋರು ಇವರು. 1964ರಲ್ಲಿ ಮ್ಯಾಂಚೆಸ್ಟರ್‌ನ ಒಂದು ಹಳೇ ರೈಲ್ವೆ ಸ್ಟೇಷನ್ನಿನಲ್ಲಿ, ಮಳೆಯಲ್ಲಿ, ಅವರು ನುಡಿಸಿದ್ದರ ಟಿವಿ ದೃಶ್ಯ ಈಗಲೂ ಸಿಗತ್ತೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು 2018ರಲ್ಲಿ ಅವರನ್ನ ಸೇರಿಸ್ಕೊಂಡ್ರು. ಅಂದ್ರೆ ಈ ವಾದ್ಯ ರಾಕ್‌ನಿಂದ ಚರ್ಚ್‌ಗೆ ಬಂತು ಅನ್ನೋದು ಅರ್ಧ ಕತೆ. ಚರ್ಚ್‌ನಿಂದ ರಾಕ್‌ಗೆ ಹೋಗಿದ್ದೂ ಇದೆ.

ಗಿಟಾರ್ ಯಾವುದು?

ಬ್ರ್ಯಾಂಡ್‌ಗಿಂತ ಮುಂಚೆ ಎರಡು ವಿಷಯ ನೋಡಿ: ಬ್ರಿಡ್ಜ್ ಮತ್ತು ಪಿಕಪ್.

ಬ್ರಿಡ್ಜ್ ಅಂದ್ರೆ ತಂತಿಗಳು ಕೂರೋ ಲೋಹದ ಭಾಗ. ಅದರಲ್ಲಿ ಅಲುಗಾಡೋದು ಒಂದು, ಅಲುಗಾಡದ್ದು ಒಂದು. ಸ್ಪ್ರಿಂಗ್ ಮೇಲೆ ತೇಲೋ ಟ್ರೆಮೊಲೊ ಬ್ರಿಡ್ಜ್‌ನಲ್ಲಿ ಒಂದು ತಂತಿ ಕಿತ್ತು ಹೋದ್ರೆ ಸ್ಪ್ರಿಂಗ್‌ನ ಸಮತೋಲ ತಪ್ಪಿ ಉಳಿದ ಐದೂ ತಂತಿಯ ಶ್ರುತಿ ಹೋಗತ್ತೆ. ಹಾಡಿನ ಮಧ್ಯದಲ್ಲಿ ಹಾಗಾದ್ರೆ ಆ ಭಾನುವಾರ ನಿಮ್ಮ ಕೆಲಸ ಮುಗೀತು. ಟೆಲಿಕ್ಯಾಸ್ಟರ್ ತರದ ಸ್ಥಿರ ಬ್ರಿಡ್ಜ್ ಇದ್ರೆ ಉಳಿದ ಐದು ತಂತಿಯಲ್ಲಿ ಹಾಡು ದಾಟಿಸಬಹುದು. ಮೊದಲ ಗಿಟಾರ್ ಕೊಳ್ಳೋರಿಗೆ ನನ್ನ ಸಲಹೆ ಸ್ಥಿರ ಬ್ರಿಡ್ಜ್.

ಪಿಕಪ್ ಅಂದ್ರೆ ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮುಂದೆ ಅದುರಿದಾಗ ವಿದ್ಯುತ್ ಹುಟ್ಟತ್ತೆ. ಸಿಂಗಲ್ ಕಾಯಿಲ್ ಪಿಕಪ್‌ನ ದನಿ ಗಾಜಿನ ಹಾಗೆ ಸ್ವಚ್ಛ. ಆದ್ರೆ ಅದು ಗೋಡೆಯೊಳಗಿನ ವೈರಿಂಗ್, ಡಿಮ್ಮರ್, ಹಳೇ ಟ್ಯೂಬ್‌ಲೈಟ್ ಚೋಕ್, ಎಲ್ಲದರ ಗುಂಯ್ ಸದ್ದನ್ನೂ ಹಿಡಿಯತ್ತೆ. ನಮ್ಮ ಮೇನ್ಸ್ 50 ಹರ್ಟ್ಸ್, ಆ ಗುಂಯ್ ಅದರದ್ದೇ. ಎರಡು ಕಾಯಿಲ್‌ಗಳನ್ನ ಎದುರುಬದುರಾಗಿ ಜೋಡಿಸಿ ಆ ಸದ್ದನ್ನ ಕೊಲ್ಲೋ ಹಂಬಕರ್ ಪಿಕಪ್ಪನ್ನ 1955ರಲ್ಲಿ ಗಿಬ್ಸನ್ ಕಂಪನಿಗಾಗಿ ಸೆತ್ ಲವರ್ ರೂಪಿಸಿದ್ರು. ಹಳೇ ವೈರಿಂಗ್ ಇರೋ ಕಟ್ಟಡ, ಪ್ರಾರ್ಥನೆಯ ಮೌನ, ಆ ಮೌನದಲ್ಲಿ ಗುಂಯ್! ನಿಮ್ಮ ಚರ್ಚ್ ಅಂಥದ್ದಾದ್ರೆ ಹಂಬಕರ್ ಯೋಚಿಸಿ. ಈಗಾಗಲೇ ಸಿಂಗಲ್ ಕಾಯಿಲ್ ಇದ್ರೆ, ನಿಂತ ಜಾಗದಲ್ಲೇ ನಿಧಾನ ತಿರುಗಿ ನೋಡಿ. ಯಾವುದೋ ಒಂದು ದಿಕ್ಕಲ್ಲಿ ಸದ್ದು ತಗ್ಗತ್ತೆ. ಅಲ್ಲೇ ನಿಲ್ಲಿ.

ಕಾಲಡಿ ಏನೇನು?

ಸಿಗ್ನಲ್ ಹೋಗೋ ದಾರಿ ಹೀಗೆ: ಗಿಟಾರ್, ಟ್ಯೂನರ್, ಓವರ್‌ಡ್ರೈವ್, ಡಿಲೇ, ರಿವರ್ಬ್, ಆಮೇಲೆ ಆಂಪ್ ಅಥವಾ ಮಿಕ್ಸರ್. ಈ ಕ್ರಮಕ್ಕೆ ಕಾರಣ ಇದೆ. ಟ್ಯೂನರ್‌ಗೆ ಶುದ್ಧ ಸಿಗ್ನಲ್ ಬೇಕು, ಅದಕ್ಕೇ ಮೊದಲು. ಡಿಲೇ ಅಂದ್ರೆ ಪ್ರತಿಧ್ವನಿ. ಪ್ರತಿಧ್ವನಿ ಆದ್ಮೇಲೆ ಓವರ್‌ಡ್ರೈವ್ ಇಟ್ರೆ ಎಲ್ಲ ಪ್ರತಿಧ್ವನಿಯೂ ಒಟ್ಟಿಗೆ ಕಲಸಿ ಚಿತ್ರಾನ್ನ. ಮೊದಲು ಒರಟು ಮಾಡಿ, ಆಮೇಲೆ ಪ್ರತಿಧ್ವನಿಸಿದ್ರೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳತ್ತೆ.

ಇವೆಲ್ಲ ಬಿಡಿ ಪೆಡಲ್‌ಗಳಾಗೇ ಬೇಕಾ? ಬೇಡ. ಮಲ್ಟಿ ಎಫೆಕ್ಟ್ ಅಂತ ಒಂದೇ ಡಬ್ಬಿಯಲ್ಲಿ ಎಲ್ಲ ಬರತ್ತೆ. ಬಾಸ್ ಜಿಟಿ-1, ಝೂಮ್ ಜಿ1ಎಕ್ಸ್ ಫೋರ್ ತರದವು ಪ್ರಾರಂಭಕ್ಕೆ ಸಾಕು. ಇವೆರಡೂ ನಾಲ್ಕು ಡಬಲ್ ಎ ಬ್ಯಾಟರಿಯಲ್ಲೂ ನಡೀತವೆ. ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲದ ಊರಲ್ಲಿ ಇದು ಸಣ್ಣ ಅನುಕೂಲ ಅಲ್ಲ. ಇದಕ್ಕಿಂತ ಮೇಲಿನ ದರ್ಜೆಯಲ್ಲಿ ಲೈನ್ 6ನವರ ಎಚ್‌ಎಕ್ಸ್ ಸ್ಟಾಂಪ್ ತರದವು ಇವೆ. ಚೆನ್ನಾಗಿವೆ, ನಿಜ. ಆದ್ರೆ ಎಂಟು ಚಾನೆಲ್ ಮಿಕ್ಸರ್ ಮುಂದೆ ಆ ಬೆಲೆಗೆ ತಕ್ಕ ವ್ಯತ್ಯಾಸ ಸಭೆಗೆ ಕೇಳೋದು ಕಷ್ಟ.

ಇಲ್ಲೊಂದು ಮುಖ್ಯ ಸ್ವಿಚ್ ಇದೆ, ಬಹಳ ಜನಕ್ಕೆ ಗೊತ್ತಿರಲ್ಲ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನ ಚೂಪು ಸದ್ದನ್ನ ತಾನಾಗೇ ಸೋಸಿಬಿಡತ್ತೆ. ಚರ್ಚಿನ ಪಿಎ ಬಾಕ್ಸ್‌ಗಳು ಸೋಸಲ್ಲ. ಹಾಗಾಗಿ ಓವರ್‌ಡ್ರೈವ್ ಹಾಕಿ ಗಿಟಾರನ್ನ ನೇರವಾಗಿ ಮಿಕ್ಸರ್‌ಗೆ ಚುಚ್ಚಿದ್ರೆ ಕಿವಿ ಹತ್ರ ಸೊಳ್ಳೆ ಹಾರಿದ ಹಾಗೆ ಕೇಳತ್ತೆ. ಮಲ್ಟಿ ಎಫೆಕ್ಟ್‌ನಲ್ಲಿ ಕ್ಯಾಬ್ ಅಥವಾ ಐಆರ್ ಅನ್ನೋ ಬ್ಲಾಕ್ ಇರತ್ತೆ. ಮಿಕ್ಸರ್‌ಗೆ ಹೋಗುವಾಗ ಅದು ಆನ್ ಇರ್ಲಿ. ಗಿಟಾರ್ ಆಂಪ್‌ಗೆ ಹೋಗುವಾಗ ಆಫ್. ಎಷ್ಟೋ ಜನ "ನನ್ನ ಟೋನ್ ಚೆನ್ನಾಗಿಲ್ಲ" ಅಂತ ಹೊಸ ಪೆಡಲ್ ಕೊಳ್ತಾರೆ. ಬೇಕಾಗಿದ್ದು ಈ ಒಂದು ಬಟನ್.

ಇನ್ನೊಂದು ವಿಷಯ ಕೇಬಲ್. ಮಾಮೂಲಿ ಗಿಟಾರ್ ಕೇಬಲ್ 6 ಮೀಟರ್ ದಾಟಿದ್ರೆ ಚೂಪು ಸ್ವರ ಮಂಕಾಗತ್ತೆ, ಸದ್ದು ಸೇರ್ಕೊಳ್ಳತ್ತೆ. ಮಿಕ್ಸರ್ ಹಾಲ್‌ನ ಹಿಂದುಗಡೆ ಇದ್ರೆ ಡಿಐ ಬಾಕ್ಸ್ ಬೇಕು. ಅದು ನಿಮ್ಮ ಸಿಗ್ನಲ್ಲನ್ನ ಬ್ಯಾಲೆನ್ಸ್ಡ್ ಮಾಡಿ, ಮೈಕ್ ಕೇಬಲ್ ಮೂಲಕ ದೂರ ಕಳಿಸತ್ತೆ. ಡಿಐ ಬಾಕ್ಸ್ ನಿಮ್ಮ ಖರ್ಚಾಗಬೇಕಾಗಿಲ್ಲ. ಅದು ಮೈಕಿನ ಹಾಗೆ ಚರ್ಚಿನ ಆಸ್ತಿ. ಕಮಿಟಿಯ ಹತ್ರ ವಿನಯವಾಗಿ ಕೇಳಿ.

ಬಿಕಾಂ ಲೆಕ್ಕ

ಈಗ ನನ್ನ ಡಿಗ್ರಿ ಉಪಯೋಗಕ್ಕೆ ಬರೋ ಜಾಗ. ಬೆಲೆಗಳು ತಿಂಗಳಿಗೊಮ್ಮೆ ಬದಲಾಗೋದ್ರಿಂದ ಅನುಪಾತ ಹೇಳ್ತೀನಿ. ನಿಮ್ಮ ಬಜೆಟ್ 100 ರೂಪಾಯಿ ಅಂದ್ಕೊಳ್ಳಿ. 50 ಗಿಟಾರ್‌ಗೆ. 30 ಮಲ್ಟಿ ಎಫೆಕ್ಟ್‌ಗೆ. 10 ಸೆಟಪ್ ಮಾಡಿಸೋಕೆ, ಅಂದ್ರೆ ತಂತಿಯ ಎತ್ತರ, ಕತ್ತಿನ ಬಾಗು, ಇಂಟೊನೇಶನ್ ಸರಿ ಮಾಡಿಸೋಕೆ. ಉಳಿದ 10 ಎರಡು ಒಳ್ಳೆ ಕೇಬಲ್, ಒಂದು ಸೆಟ್ ಹೆಚ್ಚುವರಿ ತಂತಿ, ಸ್ಟ್ರ್ಯಾಪ್, ಪಿಕ್‌ಗೆ. ಆಂಪ್ ಈ ಪಟ್ಟೀಲಿ ಇಲ್ಲ. ಚರ್ಚಲ್ಲಿ ಮಿಕ್ಸರ್ ಇದ್ರೆ, ಮನೇಲಿ ಹೆಡ್‌ಫೋನ್ ಇದ್ರೆ ಮೊದಲ ವರ್ಷ ಆಂಪ್ ಇಲ್ಲದೇ ನಡೆಯತ್ತೆ.

ಸೆಟಪ್‌ಗೆ ಯಾಕೆ 10? ಅಗ್ಗದ ಗಿಟಾರ್ ಒಳ್ಳೆ ಸೆಟಪ್‌ನಲ್ಲಿ ಶ್ರುತಿಯಲ್ಲಿ ನಿಲ್ಲತ್ತೆ. ದುಬಾರಿ ಗಿಟಾರ್ ಕೆಟ್ಟ ಸೆಟಪ್‌ನಲ್ಲಿ ನಿಲ್ಲಲ್ಲ. ನೀವೇ ಪರೀಕ್ಷೆ ಮಾಡಿ: ಖಾಲಿ ತಂತಿ ಮೀಟಿ ಟ್ಯೂನ್ ಮಾಡಿ, ಆಮೇಲೆ 12ನೇ ಫ್ರೆಟ್ ಒತ್ತಿ ಮೀಟಿ. ಟ್ಯೂನರ್ ಅದೇ ಸ್ವರವನ್ನ ಸರಿಯಾಗಿ ತೋರಿಸ್ಬೇಕು. ತೋರಿಸ್ತಿಲ್ಲ ಅಂದ್ರೆ ಇಂಟೊನೇಶನ್ ಸರಿ ಇಲ್ಲ, ನೀವು ಎಷ್ಟೇ ಟ್ಯೂನ್ ಮಾಡಿದ್ರೂ ಮೇಲಿನ ಕಾರ್ಡ್‌ಗಳು ಅಪಸ್ವರ.

ಸೆಕೆಂಡ್ ಹ್ಯಾಂಡ್ ಬಗ್ಗೆ ನಾಚಿಕೆ ಬೇಡ. ಹೊಸ ಸಾಮಾನಿನ ಬೆಲೆ ಡಬ್ಬ ತೆರೆದ ಕೂಡಲೇ ಇಳಿಯತ್ತೆ. ಆ ಇಳಿತವನ್ನ ಮೊದಲನೇ ಮಾಲೀಕ ಹೊತ್ತಿರ್ತಾನೆ. ಆರು ತಿಂಗಳಾದ್ಮೇಲೆ ನಿಮಗೆ ಬೇಡ ಅನ್ನಿಸಿದ್ರೂ ಹೆಚ್ಚು ಕಮ್ಮಿ ಕೊಟ್ಟ ಬೆಲೆಗೇ ಮಾರಬಹುದು. ಇಎಂಐ ವಿಷಯ ಒಂದೇ ಮಾತು: ಸ್ವಯಂಸೇವೆಗೆ ಸಾಲ ಮಾಡಬೇಡಿ. ಹಾಗೆ ಮಾಡಿದ್ರೆ ಪ್ರತಿ ಭಾನುವಾರ ಗಿಟಾರ್ ಮುಟ್ಟಿದಾಗ ಕಂತು ನೆನಪಾಗತ್ತೆ. ಖುಷಿಯಿಂದ ಮಾಡ್ಬೇಕಾದ ಕೆಲಸ ಋಣ ಆಗ್ಬಿಡತ್ತೆ.

ಡಿಲೇ ಗಣಿತ

ಆಧುನಿಕ ಆರಾಧನಾ ಗೀತೆಗಳಲ್ಲಿ ಗಿಟಾರ್ ಮಿನುಗೋ ಹಾಗೆ ಕೇಳತ್ತಲ್ಲ, ಒಂದು ಸಲ ಮೀಟಿದ್ರೆ ನಾಲ್ಕು ಸಲ ಮೀಟಿದ ಹಾಗೆ, ಅದರ ಗುಟ್ಟು ಡಾಟೆಡ್ ಎಯ್ತ್ ಡಿಲೇ. ಯು2 ಬ್ಯಾಂಡಿನ ದಿ ಎಡ್ಜ್ ಇದನ್ನ ಪ್ರಸಿದ್ಧಿ ಮಾಡಿದ್ರು. ಲೆಕ್ಕ ಸುಲಭ. 60,000ವನ್ನ ಹಾಡಿನ ಬಿಪಿಎಂನಿಂದ ಭಾಗಿಸಿ, ಒಂದು ಬೀಟ್‌ನ ಮಿಲಿಸೆಕೆಂಡ್ ಸಿಗತ್ತೆ. ಅದನ್ನ 0.75ರಿಂದ ಗುಣಿಸಿ. ಹಾಡು 75 ಬಿಪಿಎಂ ಇದ್ರೆ ಬೀಟ್ 800, ಡಿಲೇ 600. ಹಾಡು 120 ಇದ್ರೆ ಬೀಟ್ 500, ಡಿಲೇ 375. ನೀವು ಎಂಟನೇ ಭಾಗದ ಸ್ವರಗಳನ್ನ ಸಮನಾಗಿ ಮೀಟ್ತಾ ಹೋದ್ರೆ ಪ್ರತಿಧ್ವನಿ ಅವುಗಳ ನಡುವಿನ ಖಾಲಿ ಜಾಗದಲ್ಲಿ ಬಂದು ಕೂರತ್ತೆ. ಮಿನುಗು ಅಂದ್ರೆ ಅದೇ.

ಆದ್ರೆ ನಮ್ಮ ಗೀತೆಗಳಲ್ಲಿ ಎಷ್ಟೋ ಆರು ಮಾತ್ರೆಯವು, ದಾದ್ರಾ ನಡೆಯವು. ಪಾಶ್ಚಾತ್ಯ ಲೆಕ್ಕದಲ್ಲಿ 6/8. ಇಲ್ಲಿ ಡಾಟೆಡ್ ಎಯ್ತ್ ಹಾಕಿದ್ರೆ ಢೋಲಕ್ ಮೂರು ಮೂರು ಎಣಿಸ್ತಾ ಇರತ್ತೆ, ನಿಮ್ಮ ಪ್ರತಿಧ್ವನಿ ಎರಡೆರಡು ಎಣಿಸ್ತಾ ಇರತ್ತೆ. ಸಭೆಗೆ ಕಾಲು ತಡವರಿಸಿದ ಅನುಭವ. ಆರು ಮಾತ್ರೆಯ ಹಾಡಿಗೆ ಒಂದು ಮಾತ್ರೆಯಷ್ಟೇ ಡಿಲೇ ಇಡಿ. ಮೂರು ಮಾತ್ರೆ ಸೇರಿ 1,200 ಮಿಲಿಸೆಕೆಂಡ್ ಆದ್ರೆ ಡಿಲೇ 400.

ಮತ್ತೊಂದು ಮಾತು. ನಮ್ಮಲ್ಲಿ ಹೆಚ್ಚಿನ ಚರ್ಚ್‌ಗಳಲ್ಲಿ ಕ್ಲಿಕ್ ಟ್ರ್ಯಾಕ್ ಇಲ್ಲ. ಸಭೆ ಭಾವಕ್ಕೆ ತಕ್ಕ ಹಾಗೆ ಎಳೆಯತ್ತೆ, ಓಡತ್ತೆ. ಆಗ ಟ್ಯಾಪ್ ಟೆಂಪೊ ಸ್ವಿಚ್ಚನ್ನ ಕಾಲಿನಿಂದ ಢೋಲಕ್ ನಡೆಗೆ ಮತ್ತೆ ಮತ್ತೆ ಹೊಂದಿಸಿ. ಅದು ಕಷ್ಟ ಅನ್ಸಿದ್ರೆ ಡಿಲೇ ಪ್ರಮಾಣ ಕಮ್ಮಿ ಮಾಡಿ, ರಿವರ್ಬ್ ಮೇಲೆ ನಿಲ್ಲಿ. ರಿವರ್ಬ್‌ಗೆ ತಾಳದ ಹಂಗಿಲ್ಲ.

ರಿವರ್ಬ್ ಎಷ್ಟು ಅನ್ನೋದನ್ನ ಕಟ್ಟಡವೇ ಹೇಳತ್ತೆ. ಮೈಸೂರಿನ ಸೇಂಟ್ ಫಿಲೋಮಿನಾ ತರದ ಎತ್ತರದ ಗೋಥಿಕ್ ಕಟ್ಟಡದಲ್ಲಿ ಚಪ್ಪಾಳೆ ತಟ್ಟಿದ್ರೆ ಗೋಡೆಗಳೇ ರಿವರ್ಬ್ ಕೊಡ್ತವೆ. ಅಂಥಲ್ಲಿ ನಿಮ್ಮದನ್ನ ಹೆಚ್ಚು ಕಮ್ಮಿ ಆಫ್ ಮಾಡಿ. ಕಾರ್ಪೆಟ್, ಪರದೆ ಇರೋ ಬಾಡಿಗೆ ಹಾಲ್ ಆದ್ರೆ ಸ್ವಲ್ಪ ಸೇರಿಸಿ. ಶೀಟ್ ಮಾಡಿನ ಚರ್ಚಲ್ಲಿ ಜುಲೈ ಮಳೆ ಬಂದ್ರೆ ಯಾವ ಸೂಕ್ಷ್ಮವೂ ಕೇಳಲ್ಲ. ಅವತ್ತು ಮಿನುಗು ಬಿಟ್ಟು ಸ್ಪಷ್ಟವಾಗಿ ಕಾರ್ಡ್ ನುಡಿಸಿ.

ಕರೆಂಟ್: ಇಲ್ಲಿ ತಮಾಷೆ ಇಲ್ಲ

ಪೆಡಲ್ ಅಡಾಪ್ಟರ್‌ನಲ್ಲಿ ಮೂರು ವಿಷಯ ನೋಡಿ. ವೋಲ್ಟೇಜ್: ಬಿಡಿ ಪೆಡಲ್‌ಗಳು ಹೆಚ್ಚಾಗಿ 9 ವೋಲ್ಟ್, ಪೆಡಲ್ ಮೇಲೆ ಬರೆದಷ್ಟೇ ಇರಬೇಕು. ಪೊಲಾರಿಟಿ: ಹೆಚ್ಚಿನವು ಸೆಂಟರ್ ನೆಗೆಟಿವ್, ಮನೆಯ ರೌಟರ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಅದಕ್ಕೆ ಉಲ್ಟಾ. ಮಿಲಿಆಂಪ್: ಪೆಡಲ್ ಕೇಳಿದ್ದಕ್ಕಿಂತ ಅಡಾಪ್ಟರ್‌ದು ಹೆಚ್ಚಿದ್ರೆ ಪರವಾಗಿಲ್ಲ, ಕಮ್ಮಿ ಇರಬಾರದು. ಟ್ಯಾಂಕ್ ದೊಡ್ಡದಿದ್ರೆ ನಲ್ಲಿಗೆ ತೊಂದರೆ ಇಲ್ಲ, ಪ್ರೆಶರ್ ಜಾಸ್ತಿ ಆದ್ರೆ ಪೈಪ್ ಒಡೆಯತ್ತೆ, ಅಷ್ಟೇ ಲೆಕ್ಕ.

ಅಮೆರಿಕದಿಂದ ಚಿಕ್ಕಪ್ಪ ಆಂಪ್ ತಂದುಕೊಟ್ರಾ? ಹಿಂದುಗಡೆ ಓದಿ. ಅಲ್ಲಿನ ಮೇನ್ಸ್ 120 ವೋಲ್ಟ್, ನಮ್ಮದು 230. 120 ಅಂತ ಮಾತ್ರ ಬರೆದಿದ್ರೆ ನೇರ ಚುಚ್ಚಿದ ಕ್ಷಣ ಅದು ಸುಡತ್ತೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 100ರಿಂದ 240 ಅಂತ ಬರೆದಿದ್ರೆ ನಿಶ್ಚಿಂತೆ.

ಇನ್ನು ಜೀವದ ವಿಷಯ. ಗಿಟಾರ್ ತಂತಿಗಳು ಆಂಪ್ ಮೂಲಕ ಅರ್ತ್‌ಗೆ ಸೇರಿರ್ತವೆ. ಮೈಕ್ ಮಿಕ್ಸರ್ ಮೂಲಕ ಅರ್ತ್‌ಗೆ ಸೇರಿರತ್ತೆ. ಎರಡರ ಅರ್ತಿಂಗ್ ಒಂದೇ ಅಲ್ಲದಿದ್ರೆ, ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇದ್ದಾಗ ನಡುವೆ ಇರೋ ವೈರ್ ನೀವೇ. ಸಣ್ಣಗೆ ಜುಮ್ ಅಂದ್ರೂ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬರೋವರೆಗೆ ಮುಟ್ಟಬೇಡಿ. ಗುಂಯ್ ಸದ್ದು ಹೋಗ್ಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯೋರಿದ್ದಾರೆ. ದಯವಿಟ್ಟು ಬೇಡ. ಆ ಪಿನ್ ಇರೋದೇ ನಿಮ್ಮನ್ನ ಉಳಿಸೋಕೆ. ಗುಂಯ್ ಹೋಗಿಸೋಕೆ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಅನ್ನೋ ಸ್ವಿಚ್ ಇದೆ, ಅದು ಸಿಗ್ನಲ್ ಕೇಬಲ್‌ನದ್ದನ್ನ ಮಾತ್ರ ಬಿಡಿಸತ್ತೆ. ಗಿಟಾರ್, ಮಿಕ್ಸರ್, ಎರಡಕ್ಕೂ ಒಂದೇ ಸಾಕೆಟ್‌ನಿಂದ ಲೈನ್ ಎಳೆದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ. ಕ್ರಿಸ್ಮಸ್ ಸಮಯದ ಶಾಮಿಯಾನ ಕಾರ್ಯಕ್ರಮ, ಒದ್ದೆ ನೆಲ, ಬೀದಿಯಿಂದ ಎಳೆದ ವೈರ್: ಇಲ್ಲಂತೂ ಅರ್ತಿಂಗ್ ಇದೆ ಅಂತ ಖಾತ್ರಿ ಆಗದೆ ನುಡಿಸಬೇಡಿ.

ಹಾಡಿನ ಮಧ್ಯೆ ಕರೆಂಟ್ ಹೋದ್ರೆ? ತಕ್ಷಣ ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ, ಬಾಯಿಬಿಟ್ಟು ಹಾಡಿ. ಜನರೇಟರ್ ಬಂದಾಗ ಢಬ್ ಅಂತ ಸದ್ದು ನಿಮ್ಮಿಂದ ಬರಬಾರದು.

ವಾರದ ತಯಾರಿ

ಹಾಡಿನ ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಗುರುವಾರವೋ ಶುಕ್ರವಾರವೋ ಬರತ್ತೆ ಅಂತಿಟ್ಕೊಳ್ಳೋಣ. ಮೊದಲ ದಿನ ಗಿಟಾರ್ ಮುಟ್ಟಬೇಡಿ. ಪ್ರತಿ ಹಾಡನ್ನ ಎರಡು ಸಲ ಕೇಳಿ, ಪಲ್ಲವಿ ಎಷ್ಟು ಸಲ, ಚರಣ ಎಷ್ಟು, ಎಲ್ಲಿ ಇಳಿಯತ್ತೆ, ಎಲ್ಲಿ ಏರತ್ತೆ, ಒಂದು ಚೀಟಿ ಮೇಲೆ ಬರೆಯಿರಿ. ಮಾತು ಓದಿ. ಪಶ್ಚಾತ್ತಾಪದ ಸಾಲಿಗೆ ಓವರ್‌ಡ್ರೈವ್ ಯಾಕೆ ಬೇಡ ಅಂತ ಆಗ ನಿಮಗೇ ಗೊತ್ತಾಗತ್ತೆ.

ಎರಡನೇ ದಿನ ಕಾರ್ಡ್‌ಗಳನ್ನ ಸಂಖ್ಯೆಯಲ್ಲಿ ಬರೆಯಿರಿ. ಜಿ ಸ್ಕೇಲ್‌ನಲ್ಲಿ ಜಿ ಅಂದ್ರೆ 1, ಸಿ 4, ಡಿ 5, ಇ ಮೈನರ್ 6. "ಗಂಟಲು ಸರಿ ಇಲ್ಲ, ಒಂದು ಸ್ವರ ಇಳಿಸು" ಅಂತ ಹಾಡೋ ಅಕ್ಕ ಭಾನುವಾರ ಬೆಳಿಗ್ಗೆ ಹೇಳಿದ್ರೆ, ಸಂಖ್ಯೆ ಬದಲಾಗಲ್ಲ, ಜಾಗ ಮಾತ್ರ ಬದಲಾಗತ್ತೆ.

ಮೂರನೇ ದಿನ ನಿಮ್ಮ ಜಾಗ ಆರಿಸಿ. ಕೀಬೋರ್ಡ್‌ನವರು ಕೆಳಗಿನ, ಮಧ್ಯದ ಸ್ವರ ತುಂಬಿಸಿರ್ತಾರೆ. ಅಕೂಸ್ಟಿಕ್ ಗಿಟಾರ್ ಇದ್ರೆ ಪೂರ್ತಿ ಕಾರ್ಡ್ ಅದರದ್ದು. ನೀವೂ ಅದನ್ನೇ ನುಡಿಸಿದ್ರೆ ಗದ್ದಲ. ಮೇಲಿನ ಮೂರೇ ತಂತಿ ಸಾಕು. ಜಿ ಸ್ಕೇಲ್‌ಗೆ ಉದಾಹರಣೆ, ಮೂರನೇ, ಎರಡನೇ, ಒಂದನೇ ತಂತಿಯ ಫ್ರೆಟ್‌ಗಳು ಈ ಕ್ರಮದಲ್ಲಿ:

ಜಿ: 7, 8, 7
ಸಿ: 9, 8, 8
ಇ ಮೈನರ್: 9, 8, 7
ಡಿ: 7, 7, 5

ಗಮನಿಸಿ, ಮೊದಲ ಮೂರು ಕಾರ್ಡ್‌ಗಳಲ್ಲಿ ಎರಡನೇ ತಂತಿಯ 8ನೇ ಫ್ರೆಟ್ ಬದಲಾಗೋದೇ ಇಲ್ಲ. ಬೆರಳು ಅಲ್ಲೇ ಇರತ್ತೆ, ಸುತ್ತಲಿನ ಸ್ವರ ಮಾತ್ರ ಜರಗತ್ತೆ. ದೊಡ್ಡ ಬ್ಯಾಂಡ್‌ಗಳ ಆ ತೇಲೋ ಅನುಭವಕ್ಕೆ ಅರ್ಧ ಕಾರಣ ಇದು. ಅಕ್ಕ ಒಂದು ಸ್ವರ ಇಳಿಸಿದ್ರೆ ಇದೇ ಆಕಾರ ಎರಡು ಫ್ರೆಟ್ ಹಿಂದಕ್ಕೆ.

ಶನಿವಾರ ಎದ್ದು ನಿಂತು, ಸ್ಟ್ರ್ಯಾಪ್ ಹಾಕ್ಕೊಂಡು, ಕಾಲಿನಿಂದ ಪೆಡಲ್ ಬದಲಿಸ್ತಾ ಅಭ್ಯಾಸ ಮಾಡಿ. ಕೂತು ಕಲಿತದ್ದು ನಿಂತಾಗ ಮರೆಯತ್ತೆ. ತಂತಿ ಬದಲಿಸೋದಿದ್ರೆ ಶುಕ್ರವಾರವೇ ಬದಲಿಸಿ, ಎಳೆದು ಎಳೆದು ಟ್ಯೂನ್ ಮಾಡಿ. ಹೊಸ ತಂತಿ ಹಿಗ್ಗತ್ತೆ, ಭಾನುವಾರ ಬೆಳಿಗ್ಗೆ ಹಾಕಿದ್ರೆ ಎರಡನೇ ಹಾಡಿಗೇ ಶ್ರುತಿ ಇಳಿಯತ್ತೆ. ಕರಾವಳಿಯವರು ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿಡಿ, ಆ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯತ್ತೆ.

ಹಾರ್ಮೋನಿಯಂ ಜತೆ ಹೊಂದಾಣಿಕೆ

ಇದನ್ನ ವಿದೇಶಿ ವೀಡಿಯೊಗಳಲ್ಲಿ ಯಾರೂ ಹೇಳ್ಕೊಡಲ್ಲ. ಕೀಬೋರ್ಡನ್ನ ಬಟನ್‌ನಿಂದ ಶ್ರುತಿ ಬದಲಿಸಬಹುದು, ಹಾರ್ಮೋನಿಯಂಗೆ ಆಗಲ್ಲ. ಅದರೊಳಗಿನ ಹಿತ್ತಾಳೆ ರೀಡ್ ಹೇಗಿದೆಯೋ ಹಾಗೆ. ಹಳೇ ಪೆಟ್ಟಿಗೆಗಳು ಎಷ್ಟೋ ಸಲ 440 ಹರ್ಟ್ಸ್‌ನಲ್ಲಿ ಇರಲ್ಲ. ಅದು 442ರಲ್ಲಿದ್ದು ನೀವು 440ರಲ್ಲಿದ್ರೆ ವ್ಯತ್ಯಾಸ ಸುಮಾರು 8 ಸೆಂಟ್. ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಇರೋದೇ 100 ಸೆಂಟ್. ಒಂಟಿಯಾಗಿ ಕೇಳಿದ್ರೆ ಗೊತ್ತಾಗಲ್ಲ, ಒಟ್ಟಿಗೆ ಎಳೆದಾಗ ವಾ ವಾ ವಾ ಅಂತ ಅಲೆ ಏಳತ್ತೆ.

ಪರಿಹಾರ ಜೇಬಲ್ಲೇ ಇದೆ. ಫೋನ್‌ನ ಟ್ಯೂನರ್ ಆ್ಯಪ್ ತೆಗೆದು ಹಾರ್ಮೋನಿಯಂನ 'ಎ' ಮನೆ, ಅಂದ್ರೆ ಬಿಳಿ 6, ಒತ್ತಿಸಿ. ಬಂದ ಹರ್ಟ್ಸ್ ಬರ್ಕೊಳ್ಳಿ. 221 ಅಂತ ತೋರಿಸಿದ್ರೆ ಎರಡರಿಂದ ಗುಣಿಸಿ, 442. ನಿಮ್ಮ ಟ್ಯೂನರ್‌ನಲ್ಲಿ ಕ್ಯಾಲಿಬ್ರೇಶನ್ ಅನ್ನೋ ಕಡೆ ಆ ಸಂಖ್ಯೆ ಇಡಿ. ಬಗ್ಗದ ವಾದ್ಯಕ್ಕೆ ಬಗ್ಗೋ ವಾದ್ಯ ಹೊಂದಿಕೊಳ್ಳಬೇಕು.

ಹಿರಿಯರ ಭಾಷೆಯೂ ಗೊತ್ತಿರ್ಲಿ. ಅವರು "ಬಿಳಿ 4" ಅಂದ್ರೆ ಎಫ್, "ಬಿಳಿ 5" ಅಂದ್ರೆ ಜಿ, "ಕಪ್ಪು 1" ಅಂದ್ರೆ ಸಿ ಶಾರ್ಪ್. ನೀವು ಸ್ಕೇಲ್ ಹೆಸರು ಹೇಳಿ, ಅವರು ಮನೆ ಹೆಸರು ಹೇಳಿ, ಇಬ್ಬರೂ ಒಂದೇ ಮಾತು ಹೇಳ್ತಾ ಇರೋದು ಗೊತ್ತಾಗದೆ ಹತ್ತು ನಿಮಿಷ ಹೋಗತ್ತೆ.

ಭಾನುವಾರ ಬೆಳಿಗ್ಗೆ

ಸಭೆ ಸೇರೋ ಅರ್ಧ ಗಂಟೆ ಮುಂಚೆ ಎಲ್ಲ ಚುಚ್ಚಿ ಮುಗಿದಿರ್ಲಿ. ಮಿಕ್ಸರ್ ನೋಡ್ಕೊಳ್ಳೋ ಅಣ್ಣನಿಗೆ ನಿಮ್ಮ ಅತಿ ಮೆಲು ಸದ್ದು, ಅತಿ ಜೋರು ಸದ್ದು, ಎರಡನ್ನೂ ಕೇಳಿಸಿ. ಆಮೇಲೆ ಗಿಟಾರ್ ವಾಲ್ಯೂಮ್ ಏರಿಸೋ ಚಪಲ ಬೇಡ. ಆಂಪ್ ಇದ್ರೆ ಕುರ್ಚಿ ಮೇಲಿಟ್ಟು ನಿಮ್ಮ ಕಿವಿ ಕಡೆ ತಿರುಗಿಸಿ. ನೆಲದ ಮೇಲಿಟ್ರೆ ನಿಮ್ಮ ಮೊಣಕಾಲಿಗೆ ಮೆಲ್ಲಗೆ, ಮುಂದಿನ ಸಾಲಿನ ಮಕ್ಕಳಿಗೆ ಜೋರಾಗಿ ಕೇಳತ್ತೆ.

ಜೋರು ಅಂದ್ರೆ ಎಷ್ಟು? ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100 ಡೆಸಿಬೆಲ್‌ಗೆ ಬರೋಷ್ಟರಲ್ಲಿ ಬರೀ 15 ನಿಮಿಷ. ಫೋನ್ ಆ್ಯಪ್ ನಿಖರ ಅಲ್ಲ, ಆದ್ರೆ ಅಂದಾಜಿಗೆ ಸಾಕು. ಅದಕ್ಕಿಂತ ಒಳ್ಳೆ ಮೀಟರ್ ಇನ್ನೊಂದಿದೆ: ಒಬ್ಬ ಗೆಳೆಯನನ್ನ ಕೊನೇ ಬೆಂಚಲ್ಲಿ ಕೂರಿಸಿ ಕೇಳಿ, "ಪಕ್ಕದವರು ಹಾಡೋದು ನಿಂಗೆ ಕೇಳ್ತಾ?" ಕೇಳ್ತಿಲ್ಲ ಅಂದ್ರೆ ನೀವು ಜಾಸ್ತಿ.

ಪ್ರಸಂಗದ ಹೊತ್ತಿಗೆ ಟ್ಯೂನರ್ ಒತ್ತಿ ಸದ್ದು ಪೂರ್ತಿ ಮುಚ್ಚಿ. ಕೊನೆಗೆ ಪ್ರಾರ್ಥನೆ ಹೊತ್ತಲ್ಲಿ ಹಿನ್ನೆಲೆ ನುಡಿಸು ಅಂತ ಅಯ್ಯನವರೋ ಫಾದರೋ ಸನ್ನೆ ಮಾಡಿದ್ರೆ ಎರಡೇ ಕಾರ್ಡ್, ವಾಲ್ಯೂಮ್ ನಾಬ್ ನಿಧಾನ ತಿರುಗಿಸ್ತಾ. ಸನ್ನೆ ಬಾರದಿದ್ರೆ ಮೌನ. ಮೌನವನ್ನ ತುಂಬಿಸೋಕೆ ಯಾರೂ ನಿಮಗೆ ಹೇಳಿಲ್ಲ.

ಇಷ್ಟೆಲ್ಲ ಕೇಳಿದ್ಮೇಲೆ "ಈ ಭಾನುವಾರ ಒಂದೇ ಒಂದು ಕೆಲಸ ಮಾಡು ಅಂದ್ರೆ ಏನು?" ಅಂತ ಕೇಳೋರಿಗೆ ನನ್ನ ಉತ್ತರ: ಮೊದಲ ಚರಣ ನುಡಿಸಬೇಡಿ. ಗಿಟಾರ್ ಹಿಡಿದು ನಿಂತು, ಸಭೆಯ ದನಿ ಕೇಳಿ. ಅವರು ಎಲ್ಲಿ ತಡವರಿಸ್ತಾರೆ, ಎಲ್ಲಿ ಉಸಿರು ತಗೊಳ್ತಾರೆ, ಎಲ್ಲಿ ದನಿ ಎತ್ತೋಕೆ ಹಿಂಜರೀತಾರೆ ನೋಡಿ. ಎರಡನೇ ಚರಣದಲ್ಲಿ ಎಲ್ಲಿ ಆಸರೆ ಬೇಕೋ ಅಲ್ಲಿ ಮಾತ್ರ ಸೇರಿಕೊಳ್ಳಿ. ಇದಕ್ಕೆ ಯಾವ ಪೆಡಲ್ಲೂ ಬೇಡ, ಖರ್ಚು ಸೊನ್ನೆ.

ನಿಮ್ಮ ಚರ್ಚಲ್ಲಿ, ಅಥವಾ ಭಜನಾ ಮಂಡಳಿಯಲ್ಲಿ, ಕಾಲೇಜ್ ಕ್ವಾಯರ್‌ನಲ್ಲಿ, ಸದ್ದಿನ ಯಾವ ಸಮಸ್ಯೆ ಕಾಡ್ತಾ ಇದ್ರೂ ವಾಯ್ಸ್ ನೋಟ್ ಕಳಿಸಿ. ಗುಂಯ್ ಸದ್ದು ಬರ್ತಾ ಇದ್ರೆ ಅದನ್ನೂ ರೆಕಾರ್ಡ್ ಮಾಡಿ ಕಳಿಸಿ, ಕೇಳಿ ಏನಾಗಿರಬಹುದು ಅಂತ ಹೇಳೋಕೆ ಪ್ರಯತ್ನ ಮಾಡ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.